ಅಂಗೈಗೆ ಹತ್ತದ ಬಣ್ಣ

ರಾಣೆಬೆನ್ನೂರಿನ ಹಲಗೇರಿ ರಸ್ತೆಯಲ್ಲಿರುವ ಸಣ್ಣದೊಂದು ಬೀಜದ ಕಾರ್ಖಾನೆಯಲ್ಲಿ ಖರೀದಿ, ಸ್ಟೋರು ಎರಡೂ ನನ್ನವೇ. ಗೋವಿನಜೋಳದ ಬೀಜಕ್ಕೆ ಹುಳ, ಬೂಷ್ಟು ಹತ್ತದಂತೆ ಔಷಧಿ ಲೇಪಿಸಿ ಚೀಲ ತುಂಬುವುದು ನಮ್ಮ ಕಸುಬು. ಔಷಧಿಯ ಜೊತೆ ಕೆಂಪು ಬಣ್ಣವನ್ನೂ ಬೆರೆಸುತ್ತೇವೆ, ಯಾರೂ ತಪ್ಪಿ ಇದನ್ನು ತಿನ್ನಬಾರದು ಎಂದು. ಜನ ಮಾತ್ರ ಬಣ್ಣ ಕಂಡರೆ ಔಷಧಿ ಗಟ್ಟಿ ಇದೆ ಎಂದು ತಿಳಿಯುತ್ತಾರೆ. ಅವರಿಗೆ ತಿಳಿಸಿ ಹೇಳಲು ನಾನು ಎಷ್ಟು ಗಂಟಲು ಹರಿದುಕೊಂಡಿದ್ದೇನೆ ಎಂಬುದು ನನಗೇ ಗೊತ್ತು.

ಔಷಧಿ ಬೆರೆಸುವ ಡ್ರಮ್ಮಿನ ಹತ್ತಿರ ಹತ್ತು ವರ್ಷದಿಂದ ಒಬ್ಬಳೇ ಹೆಂಗಸು ಕೆಲಸ ಮಾಡುತ್ತಿದ್ದಳು. ವಯಸ್ಸಿನಲ್ಲಿ ನನ್ನ ತಾಯಿಯಷ್ಟು, ಹಾಗಾಗಿ ಯವ್ವಾ ಎಂದೇ ಕರೆಯುತ್ತಿದ್ದೆ. ಔಷಧಿಯ ಪುಡಿ ತಾಗಿ ತಾಗಿ ಆಕೆಯ ಅಂಗೈ ಬಿರುಕು ಬಿಟ್ಟಿತ್ತು, ಬೆರಳ ಸಂದಿಯಲ್ಲೆಲ್ಲ ತುರಿಕೆ. ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಕೆಂಪು ಹೋಗುತ್ತಿರಲಿಲ್ಲ. ಕೈಗವಸು ಕೊಟ್ಟಿದ್ದೆವು. ಆದರೆ ಏಪ್ರಿಲ್ಲಿನ ಬಿಸಿಲಲ್ಲಿ ತಗಡಿನ ಶೆಡ್ಡಿನೊಳಗೆ ರಬ್ಬರು ತೊಟ್ಟುಕೊಂಡು ಎಂಟು ತಾಸು ನಿಂತವರಿಗೇ ಅದರ ಪಾಡು ಗೊತ್ತು. ಬೆವರಿಗೆ ಪುಡಿ ಒಳಗಿಳಿದು ಇನ್ನಷ್ಟು ಉರಿಯುತ್ತಿತ್ತು.

"ಮೊಮ್ಮಗಳು ಹುಟ್ಟಿ ವರ್ಷಾತ್ರಿ ಅಕ್ಕಾರ," ಎಂದಳು ಒಂದು ದಿನ. "ಸೊಸಿ ಮುಟ್ಟಾಕ ಬಿಡವಲ್ಲಳು. ಆಕೀದೇನ್ ತಪ್ಪಿಲ್ರಿ, ಈ ಕೈ ನೋಡಿದ್ರ ನನಗಽ ಹೇಸಿಗಿ ಬರತೈತಿ. ಒಂದ್ ತುತ್ತು ನನ್ನ ಕೈಲೆ ಉಣಸಬೇಕಂತ ಆಸೆ ನೋಡ್ರಿ, ಅಷ್ಟಽ."

"ಮುಂದಿನ ಹಂಗಾಮಿಗೆ ಈ ಪುಡಿ ಇರಾಂಗಿಲ್ಲ ಬಿಡು ಯವ್ವಾ," ಎಂದೆ. ಬಾಯಿ ಇದೆಯಲ್ಲ, ಅಂದುಬಿಟ್ಟೆ.

ನಮಗೆ ಔಷಧಿ, ಬಣ್ಣ ಎರಡನ್ನೂ ಒದಗಿಸುವವನು ಹುಬ್ಬಳ್ಳಿಯ ಒಬ್ಬ ವ್ಯಾಪಾರಿ. ಬಲು ನಯ. ಬೈದರೂ ನಗುತ್ತಾನೆ. ಡಬ್ಬಿಯೊಳಗೆ ಏನೇನಿದೆ ಬರೆದು ಕೊಡಿ ಎಂದರೆ "ಮಾಲು ಚಲೋ ಐತ್ರಿ ಮೇಡಂ" ಎನ್ನುತ್ತಿದ್ದ. ಬಿಡದೆ ಪೀಡಿಸಿದ ಮೇಲೆ ಒಂದು ಹಾಳೆ ಕಳಿಸಿದ. ಓದಿದರೆ ಅದು ನೆಲ ಒರೆಸುವ ದ್ರಾವಣದ್ದು! ನನ್ನ ಕಿವಿಯ ಮೇಲೆ ಹೂ ಇಡಲು ನೋಡಿದ ಕಳ್ಳ. ಮುಂದಿನ ಆರ್ಡರು ಬೇರೆಯವರಿಗೆ ಎಂದು ಹೆದರಿಸಿದೆ, ಆರು ತಿಂಗಳು ಬೆನ್ನು ಹತ್ತಿದೆ. ಕೊನೆಗೂ ಅವನು ಹೊಸದೊಂದು ಲೇಪ ತಂದ. ಔಷಧಿ ಸೌಮ್ಯವಾದದ್ದು, ಕೆಂಪು ಬಣ್ಣವೂ ಅದರಲ್ಲೇ, ಬೆರೆಸುವುದು ನೀರಿನಲ್ಲಿ. ಬೀಜಕ್ಕೆ ತೆಳ್ಳಗೆ ಅಂಟಿ ಒಣಗಿದರೆ ದೂಳು ಏಳುವುದಿಲ್ಲ, ಕೈಗೆ ಹತ್ತುವುದಿಲ್ಲ. ಅದು ತುಂಬಿಬಂದ ಡ್ರಮ್ಮಿನ ಮೇಲೆ ಒಂದು ಹಸಿರು ಎಲೆಯ ಚಿತ್ರ. ಒಂದು ಹಂಗಾಮು ನೋಡೋಣ ಎಂದು ನಮ್ಮ ಕಾರ್ಖಾನೆಯ ಸಾಹುಕಾರರೂ ಒಪ್ಪಿದರು.

"ಇದು ಕೈ ತಿನ್ನಾಂಗಿಲ್ಲ ಯವ್ವಾ, ಕೈಗವಸು ಇಲ್ಲಾಂದ್ರೂ ನಡೀತೈತಿ," ಎಂದು ಹೇಳಿದವಳು ನಾನೇ. ತಿಂಗಳೊಳಗೆ ಬಿರುಕು ಕೂಡಿಕೊಂಡವು. ಒಂದು ಮುಂಜಾನೆ ಸ್ಟೋರಿಗೆ ಬಂದು ಎರಡೂ ಅಂಗೈ ನನ್ನ ಮುಖದ ಮುಂದೆ ಹಿಡಿದಳು. "ನಿನ್ನೆ ಸೊಸಿ ತಾನಾಗೇ ಕೂಸಿನ್ನ ನನ್ನ ತೊಡಿ ಮ್ಯಾಲೆ ಕುಂದರಿಸಿದಳ್ರಿ. ಹಾಲು ಅನ್ನ ಕಲಿಸಿ ಉಣಿಸಿದೆ. ನನ್ನ ಬೆರಳು ಕಚ್ಚಿದಳ್ರಿ ಕಳ್ಳಿ!" ಎಂದು ನಕ್ಕಳು. ನನಗೆ ಅಳು ಬಂತು, ಹೇಳಲು ನಾಚಿಕೆಯೇನು? ಇಷ್ಟು ವರ್ಷದ ನೌಕರಿಯಲ್ಲಿ ಮಾಡಿದ ಒಂದೇ ಒಳ್ಳೆಯ ಕೆಲಸ ಅದು ಎನಿಸಿತು.

ಮರುವಾರವೇ ಬ್ಯಾಡಗಿಯಿಂದ ಚೀಲಗಳು ವಾಪಸು ಬಂದವು. ಏನು ಕೇಡು ಎಂದು ನಾನೇ ಬಸ್ಸು ಹತ್ತಿ ಹೋದೆ. ಬೀಜದಂಗಡಿಯವರು ಮೆಣಸಿನಕಾಯಿ ವ್ಯಾಪಾರದ ಮನೆತನದವರು, ಏನು ಕೊಟ್ಟರೂ ಅಂಗೈಯಲ್ಲಿ ತಿಕ್ಕಿ ನೋಡಿಯೇ ನಂಬುವವರು. ಚಹಾ ತರಿಸಿದರು. ನಾಲ್ಕು ಬೀಜ ಅಂಗೈಗೆ ಹಾಕಿ, ಎರಡು ಹನಿ ನೀರು ಬಿಟ್ಟು, ಹೆಬ್ಬೆರಳಿನಿಂದ ತಿಕ್ಕಿ ನನಗೆ ತೋರಿಸಿದರು. ಅಂಗೈ ಸ್ವಚ್ಛವಾಗಿತ್ತು.

"ನೋಡ್ರಿ ಅಕ್ಕಾರ, ಬಣ್ಣ ಹತ್ತವಲ್ದು. ರೈತ ಬಂದು ಹಿಂಗಽ ತಿಕ್ಕತಾನ. ಕೈ ಕೆಂಪಾಗ್ಲಿಲ್ಲಂದ್ರ ಔಷಧದ ಎಣ್ಣಿ ಹಾಕಿಲ್ಲಂತ ನನ್ನ ಮಾರಿಗೆ ಒಗದು ಹೋಗ್ತಾನ."

"ಕೈಗೆ ಹತ್ತಬಾರ್ದು ಅಂತನಽ ಮಾಡಿದ್ದರಿ ಇದು!"

"ಯಾರ್ ಕೇಳಿದ್ರಿ ಹಂಗ ಮಾಡ್ರಿ ಅಂತ?"

ಹಾವೇರಿಯ ಅಂಗಡಿಗಳಲ್ಲೂ ಇದೇ ಮಾತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಬಸ್ಸಿನಲ್ಲಿ ಕೂತು ಅವರನ್ನೆಲ್ಲ ಮನಸಾರೆ ಬೈದೆ. ಆಮೇಲೆ ನೆನಪಾಯಿತು, ಸಾರು ಕೆಂಪಾಗಲಿಲ್ಲ ಎಂದು ಖಾರದಪುಡಿಯನ್ನು ಅಂಗಡಿಗೆ ತಿರುಗಿ ಕೊಟ್ಟವಳು ನಾನೂ ಹೌದು.

ಸಾಹುಕಾರರು ಬೈಯಲಿಲ್ಲ. "ನೋಡೋಣು ಬಿಡ್ರಿ," ಎಂದರಷ್ಟೇ. ಮುಂದೆ ಬಂದ ಡ್ರಮ್ಮುಗಳ ಮೇಲೂ ಅದೇ ಹಸಿರು ಎಲೆ ಇತ್ತು. ಚೀಲ ತಿರುಗಿ ಬರುವುದು ನಿಂತಿತು. ಅಂತೂ ಜನಕ್ಕೆ ಬುದ್ಧಿ ಬಂತು ಎಂದು ಹಿಗ್ಗಿದೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಒಂದು ಮಧ್ಯಾಹ್ನ ಶೆಡ್ಡಿಗೆ ಹೋದವಳಿಗೆ ಯವ್ವನ ಅಂಗೈ ಕಂಡಿತು. ಕೆಂಪಗಿತ್ತು. ಅಲ್ಲೇ ನಿಂತು ಹುಬ್ಬಳ್ಳಿಗೆ ಫೋನು ಹಚ್ಚಿದೆ.

"ನಿಮ್ಮ ಸಾಹುಕಾರ್ರಽ ಹೇಳಿದ್ರಲ್ರಿ ಮೇಡಂ," ಎಂದ ವ್ಯಾಪಾರಿ. "ಕೈಗೆ ಹತ್ತಬೇಕಂದ್ರು. ನೀರಿನಾಗ ಹಳೇ ಪುಡಿ, ಹಳೇ ಬಣ್ಣಾನಽ ಕಲಿಸಿ ಕಳಿಸೇವ್ರಿ."

"ಮತ್ತ ಡ್ರಮ್ಮಿನ ಮ್ಯಾಲಿನ ಎಲಿ?"

"ಲೇಬಲ್ ಭಾಳ ಛಾಪಿಸಿದ್ವಿರಿ, ಉಳದಾವು."

ಫೋನು ಇಟ್ಟು ಡ್ರಮ್ಮಿನ ಹತ್ತಿರ ಹೋದೆ. ಯವ್ವ ಬರಿಗೈಯಿಂದ ಬೀಜ ಹರವುತ್ತಿದ್ದಳು.

"ಕೈ ಕೆಂಪಾಗಿದ್ದು ನನಗ ಹೇಳಬಾರ್ದಾಗಿತ್ತೇನ ಯವ್ವಾ?"

"ನೀವಽ ತರಿಸಿದ್ದಲ್ರಿ? ಏನೂ ಆಗಾಂಗಿಲ್ಲಂತ ಸುಮ್ಮನಿದ್ದೆ. ಎರಡ್ ದಿನಾತು ತುರಿಕಿ ಸುರು ಆಗೈತಿ, ಬಿಸಲಿಗೇನಽ ಅನಕೊಂಡೆ."

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಕೆ ಕೈಯಲ್ಲಿದ್ದ ಬೀಜ ಕೆಳಗೆ ಬಿಟ್ಟಳು.

"ಎಂದಿನಿಂದ ಬಂದೈತ್ರಿ ಈ ಮಾಲು?"

"ಅಮಾಸಿ ಮರುದಿನದಿಂದ. ಹದಿನೈದು ದಿನಾತು."

ಸೆರಗಿಗೆ ಕೈ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು.

"ದಿನಾ ಎರಡೂ ಹೊತ್ತು ಕೂಸಿಗೆ ನಾನಽ ಉಣಸಾಕತ್ತೇನ್ರಿ ಅಕ್ಕಾರ," ಎಂದಳು.