ನಾನು ತಂದ ಬ್ರಿಜ್ ಸುದ್ದಿ

ನಮ್ಮ ಹಳ್ಳಕ್ಕೆ ಇನ್ನೂ ಸೇತುವೆ ಕಟ್ಟಿಲ್ಲ, ಇದು ಅನ್ಯಾಯ. ಇವತ್ತು ಜಮಖಂಡಿಯಲ್ಲಿ ಹಲ್ಲಿನ ಡಾಕ್ಟರು ಅಜ್ಜಿಗೆ, "ಬಿದ್ದ ಹಲ್ಲಿನ ಜಾಗಕ್ಕ ಬ್ರಿಜ್ ಹಾಕಬೇಕಾಗತೈತ್ರಿ" ಎಂದರು. "ಬಾಯಾಗೇನ ಹಳ್ಳ ಹರದೈತೇನ್ರೀ?" ಎಂದಳು ಅಜ್ಜಿ. ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ.

ನಾನು ಸಣ್ಣವಳಿದ್ದಾಗಲೂ ಹೈಸ್ಕೂಲು ಹಳ್ಳದ ಆಚೆಯೇ ಇತ್ತು. ನೀರು ಬಂದಾಗ ದಾಟುವುದು ಹೇಗೆಂದು ಅಜ್ಜ ಅಕ್ಕನನ್ನು ಏಳನೆಯದಕ್ಕೇ ಬಿಡಿಸಿ ಕುರಿ ಕಾಯಲು ಹಚ್ಚಿದ್ದ. ನಾನಿನ್ನೂ ಊರ ಶಾಲೆಯಲ್ಲಿದ್ದೆ. ಒಂದು ದಿನ ಗುರುಗಳು "ನಾಳೆಯಿಂದ ಬ್ರಿಜ್ ಕೋರ್ಸ್" ಎಂದದ್ದೇ, ಓಡಿಬಂದು ಅಜ್ಜನಿಗೆ ಹೇಳಿದೆ: "ನಾಳಿಂದ ಬ್ರಿಜ್ ಶುರು ಅಂತ!"

ಉಣ್ಣೆ ನೂಲುತ್ತಿದ್ದ ಅವನ ಕೈ ನಿಂತಿತು. "ಖರೇನಬೇ? ಬ್ರಿಜ್ ಆದ್ರ ಆಕಿನೂ ಸಾಲಿಗೆ ಹೋಗ್ಲಿ."

ಅಕ್ಕ ಪಾಟಿಚೀಲ ಒಗೆದು ಒಣಹಾಕಿದಳು. ಮರುದಿನ ಬ್ರಿಜ್ ಕೋರ್ಸ್ ಎಂದು ನಮಗೆ ಸಿಕ್ಕಿದ್ದು ಹಿಂದಿನ ವರ್ಷದ ಪಾಠಗಳು. ಸೇತುವೆ ಕೆಲಸ ನೋಡಲು ಹೋದ ಅಜ್ಜ ಹಳ್ಳದ ದಂಡೆಯಲ್ಲಿ ಬಹಳ ಹೊತ್ತು ನಿಂತು ಬಂದ. ಅಕ್ಕ ಚೀಲವನ್ನು ನನಗೇ ಕೊಟ್ಟಳು.

ನಾನು ಹೇಳಿದ್ದು ಸುಳ್ಳೋ, ತಪ್ಪು ತಿಳಿವಳಿಕೆಯೋ? ಇಂದಿಗೂ ಗೊತ್ತಾಗುವುದಿಲ್ಲ. "ನೀ ಸಣ್ಣಾಕಿದ್ದಿ, ಬಿಡವಾ" ಎನ್ನುತ್ತಾಳೆ ಅಕ್ಕ. ಅವಳನ್ನು ಊರಲ್ಲೇ ಕೊಟ್ಟರು. ಅವಳ ಮಗಳು ಈಗ ಏಳನೆಯದು.

ಈಗ ತಾಲ್ಲೂಕು ಕಚೇರಿಗೆ ಕೊಡುವ ಅರ್ಜಿಯಲ್ಲಿ "ಹಳ್ಳ ದಾಟಲು ಸೇತುವೆ" ಎಂದು ಬಿಡಿಸಿ ಬರೆದಿದ್ದೇನೆ. ಸಹಿ ಹಾಕುವವರು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬೀಳಗಿ ಬಸ್ ನಿಲ್ದಾಣಕ್ಕೆ ಬನ್ನಿ.