ಇನ್ನೊಂದು ಸುತ್ತು ಮೇಷ್ಟ್ರು

ನಾನು ಆ ಶಾಲೆಗೆ ಸೇರಿದ ದಿನವೇ ಅವರು ನನ್ನ ಊಟದ ಡಬ್ಬಿಗೆ ಕೈಹಾಕಿದರು. ಅಧ್ಯಾಪಕರ ಕೊಠಡಿಯಲ್ಲಿ ಉದ್ದನೆಯ ಮೇಜಿನ ತುದಿಗೆ ಕುಳಿತು ಆಗಷ್ಟೇ ಮುಚ್ಚಳ ತೆಗೆದಿದ್ದೆ. ಕೊರಳಲ್ಲಿ ಸೀಟಿ, ಕಾಲಲ್ಲಿ ಬಿಳಿ ಕ್ಯಾನ್ವಾಸ್ ಶೂ, ಇಪ್ಪತ್ತೈದು ತುಂಬಿರದ ಡ್ರಿಲ್ ಮೇಷ್ಟ್ರು ಹಿಂದಿನಿಂದ ಬಗ್ಗಿ ನೋಡಿ, "ಟೀಚರ್, ಇದು ಊಟವೋ, ಯಾರಾದ್ರೂ ಕೊಟ್ಟ ಶಿಕ್ಷೆಯೋ?" ಎಂದರು. ಒಳಗಿದ್ದದ್ದು ಸಕ್ಕರೆ ಉದುರಿಸಿದ ಎರಡು ತುಂಡು ಬ್ರೆಡ್ಡು. ನಾನು ಸಿಟ್ಟಾಗುವುದಕ್ಕೆ ಮೊದಲೇ ತಮ್ಮ ಡಬ್ಬಿಯ ಸೌತೆಕಾಯಿ ಹೋಳು, ಬೇಯಿಸಿದ ಕಾಳು ಎಲ್ಲವನ್ನೂ ನನ್ನ ಮುಚ್ಚಳಕ್ಕೆ ಸುರಿದು ಮೈದಾನಕ್ಕೆ ಹೊರಟುಹೋದರು.

ಅದೇ ಮಧ್ಯಾಹ್ನ ಕಿಟಕಿಯಿಂದ ಅವರ ತರಗತಿಯನ್ನೂ ನೋಡಿದೆ. ಏಳನೆಯ ತರಗತಿಯ ಒಬ್ಬ ಹುಡುಗಿ ಸುಣ್ಣದ ಗೆರೆಯ ಮೇಲೆ ಮಂಡಿ ಹಿಡಿದು ನಿಂತುಬಿಟ್ಟಿದ್ದಳು.

"ಸಾರ್, ಈ ಕಾಲು ನನ್ನದೇ ಅಲ್ಲ ಅನ್ನಿಸ್ತಿದೆ."

"ಮತ್ತೆ ಯಾರದಮ್ಮಾ? ಅವರನ್ನ ಕೇಳಿ ವಾಪಸ್ ಕೊಟ್ಟುಬಿಡು. ಅಲ್ಲೀವರೆಗೂ ಇನ್ನೊಂದು ಸುತ್ತು!"

ಇಡೀ ತರಗತಿ ನಕ್ಕಿತು. ಕಿಟಕಿಯಲ್ಲಿದ್ದ ನಾನೂ ನಕ್ಕೆ. ಹುಡುಗಿ ಓಡಿದಳು. ಮೇಷ್ಟ್ರು ಕಂಕುಳಲ್ಲಿದ್ದ ನೋಟುಪುಸ್ತಕ ತೆರೆದು ಏನೋ ಬರೆದುಕೊಂಡರು. ಆ ಪುಸ್ತಕದ ಪ್ರತಿ ಪುಟದಲ್ಲೂ ಅವರೇ ಅಡಿಕೋಲಿಟ್ಟು ಗೆರೆ ಎಳೆದು ಮೂರು ಕಲಂ ಮಾಡಿದ್ದರು: ಹೆಸರು, ತರಗತಿ, ನೆಪ. ಹೊಟ್ಟೆನೋವು, ತಲೆಸುತ್ತು, ಸುಸ್ತು, ಶೂ ಕಚ್ಚುತ್ತದೆ ಎಂಬುದೆಲ್ಲವೂ ಆ ಮೂರನೆಯ ಕಲಂಗೆ ಹೋಗುತ್ತಿತ್ತು. ಮಕ್ಕಳು ಅವರನ್ನು ಕರೆಯುತ್ತಿದ್ದುದು 'ಇನ್ನೊಂದು ಸುತ್ತು ಮೇಷ್ಟ್ರು' ಎಂದೇ.

ಕೆಟ್ಟವರಲ್ಲ. ಕಾಲು ಉಳುಕಿದ ಹುಡುಗನನ್ನು ಬೆನ್ನ ಮೇಲೆ ಹೊತ್ತು ಮನೆಯವರೆಗೆ ಬಿಟ್ಟುಬಂದದ್ದನ್ನು ನಾನೇ ಕಂಡಿದ್ದೇನೆ. ಆದರೆ ದಣಿವು ಎಂಬುದೊಂದು ಇದೆ ಎಂದು ಅವರು ನಂಬಿರಲಿಲ್ಲ. "ದಣಿವು ಮೈಯಲ್ಲಿಲ್ಲ ಅಕ್ಕ, ತಲೆಯಲ್ಲಿದೆ. ಇನ್ನೊಂದು ಸುತ್ತು ಓಡಿಸಿದ್ರೆ ಇಳಿದುಹೋಗುತ್ತೆ" ಎನ್ನುತ್ತಿದ್ದರು. ಅಷ್ಟರಲ್ಲಿ ನಾನು ಅವರಿಗೆ ಅಕ್ಕನಾಗಿದ್ದೆ. ನನ್ನ ಡಬ್ಬಿಗೆ ಸೊಪ್ಪು ತರಕಾರಿ ಬಂದದ್ದೂ ಅವರ ಕಾಟದಿಂದಲೇ.

ಮೂವತ್ತೆಂಟನೆಯ ವಯಸ್ಸಿನಲ್ಲಿ ಅವರ ಬಲಗಣ್ಣು ಮಂಜಾಯಿತು. ಎಸೆದ ಚೆಂಡು ಮುಖಕ್ಕೆ ಬಡಿದ ಮೇಲೆಯೇ ಕಂಡಿತಂತೆ. ಕೆಲವು ವಾರಗಳಲ್ಲಿ ದೃಷ್ಟಿ ತಾನಾಗಿ ತಿಳಿಯಾಯಿತು, ಅವರೂ ಮರೆತರು. ಮುಂದಿನ ವರ್ಷ ಬಲಗಾಲು ಜೋಮು ಹಿಡಿಯತೊಡಗಿತು. ಸಮತಟ್ಟಾದ ನೆಲದಲ್ಲೂ ಹೆಬ್ಬೆರಳು ತಡವರಿಸುತ್ತಿತ್ತು. ಅವರ ಹೆಂಡತಿ ಹೊಲಿಗೆ ಅಂಗಡಿಯ ಕೆಲಸ ಬಿಟ್ಟು ಬರಲಾಗದ ದಿನ ಆಸ್ಪತ್ರೆಗೆ ಜೊತೆಯಲ್ಲಿ ಹೋದವಳು ನಾನು.

ವೈದ್ಯೆ ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದರು. "ಮಲ್ಟಿಪಲ್ ಸ್ಕ್ಲೆರೋಸಿಸ್ ಇರಬಹುದು. ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಹಾಳಾಗೋ ಕಾಯಿಲೆ. ಇದೆ ಅಂತ ಹೇಳೋಕೆ ಇಷ್ಟು ಗುರುತು ಸಾಲದು, ಇಲ್ಲ ಅಂತಲೂ ಹೇಳೋ ಹಾಗಿಲ್ಲ. ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ."

"ಅಲ್ಲೀವರೆಗೆ?"

"ವ್ಯಾಯಾಮ ನಿಲ್ಲಿಸಬೇಡಿ. ಆದರೆ ತಂಪು ಹೊತ್ತಿನಲ್ಲಿ, ಸ್ವಲ್ಪ ಸ್ವಲ್ಪ, ನಡುನಡುವೆ ಕೂತು ಸುಧಾರಿಸಿಕೊಂಡು. ಮೈ ಬಿಸಿಯಾದರೆ ಕಾಲು ಇನ್ನೂ ಸೋಲುತ್ತೆ. ಊಟಕ್ಕೆ ಕಾಳು, ತರಕಾರಿ, ಹಣ್ಣು, ಹಿತಮಿತವಾಗಿ ಎಲ್ಲವೂ. ಇದನ್ನು ವಾಸಿ ಮಾಡೋ ಪಥ್ಯ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ."

ಮೇಷ್ಟ್ರು ಗೋಣು ಆಡಿಸಿದರು. ಅವರ ಗೋಣು ನನಗೆ ಗೊತ್ತು. ಒಂದು ಮಾತೂ ಒಳಗಿಳಿದಿರಲಿಲ್ಲ.

ಶಾಲೆಯ ಕಚೇರಿಯಲ್ಲಿ ವೈದ್ಯೆಯ ಚೀಟಿ ನೋಡಿ ಗುಮಾಸ್ತರು ಕನ್ನಡಕ ಮೇಲೇರಿಸಿದರು. "ಕಾಯಿಲೆ ಇರಬಹುದು ಅಂತ ಬರೆದಿದ್ದಾರೆ. ಹಾಗಾದ್ರೆ ರಜೆಯೂ ಸಿಗಬಹುದು. ನೋಡೋಣ." ಸುತ್ತಲಿದ್ದವರು ಕಿಸಕ್ಕನೆ ನಕ್ಕರು. ಮುಖ್ಯೋಪಾಧ್ಯಾಯಿನಿ ಮಾತ್ರ ನಗಲಿಲ್ಲ. "ಮೇಷ್ಟ್ರೇ, ಕುಂಟೋರ ಕೈಲಿ ಸೀಟಿ ಕೊಟ್ರೆ ಪೋಷಕರು ಸುಮ್ಮನಿರ್ತಾರಾ? ಇನ್ನೆರಡು ತಿಂಗಳಿಗೆ ಕ್ರೀಡಾದಿನ. ಕವಾಯತಿನ ಮುಂದೆ ನಡೆದು ತೋರಿಸಿ, ಮೈದಾನ ನಿಮ್ಮದೇ. ಆಗಲಿಲ್ಲವೋ, ಬೇರೆಯವರನ್ನ ಹಾಕ್ತೀನಿ."

ಮೈದಾನ ಬಿಟ್ಟರೆ ಆ ಮನುಷ್ಯನಿಗೆ ಬೇರೆ ಊರೇ ಇರಲಿಲ್ಲ. ಹದಿನೈದು ವರ್ಷ ಮಕ್ಕಳಿಗೆ ಮಾಡಿದ್ದನ್ನೇ ಈಗ ತಮ್ಮ ಕಾಲಿಗೂ ಮಾಡಿದರು. ಮಕ್ಕಳು ಊಟಕ್ಕೆ ಕುಳಿತಾಗ ಸುಡುವ ಬಿಸಿಲಿನಲ್ಲಿ ಒಬ್ಬರೇ ಸುಣ್ಣದ ಗೆರೆಗುಂಟ ಓಡುವರು. ಮೂರನೆಯ ಸುತ್ತಿಗೆ ಕಾಲು ಎಳೆಯತೊಡಗುವುದು. ಎಳೆದಷ್ಟೂ ಇನ್ನೊಂದು ಸುತ್ತು.

ಯಾರೋ ಫೋನಿನಲ್ಲಿ ಕಳಿಸಿದ ಪಥ್ಯವನ್ನೂ ಹಿಡಿದರು. ಬೇಯಿಸಿದ್ದೆಲ್ಲ ವಿಷವಂತೆ, ಹಸಿ ಎಲೆ ಮತ್ತು ಹಣ್ಣಷ್ಟೇ ಸಾಕಂತೆ. ಬೆಲ್ಟಿಗೆ ಎರಡು ಹೊಸ ತೂತು ಬಿದ್ದವು. ಒಂದು ಭಾನುವಾರ ನಾನು ಅವರ ಮನೆಗೆ ಹೋದಾಗ ಹೆಂಡತಿ ನನ್ನ ಎದುರಿಗೇ ತರಾಟೆಗೆ ತೆಗೆದುಕೊಂಡಳು.

"ನೋಡಿ ಟೀಚರ್, ಮೇಕೆ ಕಟ್ಟಿಕೊಂಡಿದ್ರೆ ಹಾಲಾದ್ರೂ ಕೊಡ್ತಿತ್ತು. ಡಾಕ್ಟರಮ್ಮ ಹೇಳಿದ ಊಟ ನಾನು ದಿನಾ ಬಡಿಸ್ತಿದ್ದ ಊಟಾನೇ. ಅದು ಇವರ ಗಂಟಲಲ್ಲಿ ಇಳಿಯಲ್ಲ."

"ನೀನು ಸುಮ್ಮನಿರೇ. ಮೈ ಹಗುರ ಆದ್ರೆ ಕಾಲು ತಾನೇ ಏಳುತ್ತೆ."

"ಮೇಷ್ಟ್ರೇ, ಬೆಳಗ್ಗೆ ತಂಪಿನಲ್ಲಿ ಸ್ವಲ್ಪ ನಡೀರಿ, ಕೂತ್ಕೊಳ್ಳಿ, ಮತ್ತೆ ನಡೀರಿ. ಅವರು ಹೇಳಿದ್ದು ಅಷ್ಟೇ ತಾನೆ?" ಎಂದೆ.

"ಅದು ಮುದುಕರ ವ್ಯಾಯಾಮ ಅಕ್ಕ."

"ಮುದುಕಿಯಾದ ನಾನು ಇನ್ನೂ ನಿಂತಿದ್ದೀನಲ್ಲ!"

ನಗುತ್ತಾರೆಂದು ಹೇಳಿದ ಮಾತು. ಅವರು ಗೋಡೆಯ ಕಡೆ ತಿರುಗಿದರು. "ಸುಸ್ತು ಅಂತ ಕೂತ್ಕೊಂಡ್ರೆ ನಾನೂ ಆ ನೆಪದ ಪುಸ್ತಕದಲ್ಲಿ ಸೇರಿದ ಹಾಗೆ" ಎಂದರು.

ಕ್ರೀಡಾದಿನ ಹತ್ತು ಗಂಟೆಗೆ ಶುರುವಾಗಬೇಕಾದದ್ದು ಅತಿಥಿ ತಡವಾಗಿ ಬಂದದ್ದರಿಂದ ಹನ್ನೆರಡಾಯಿತು. ಮಕ್ಕಳೊಡನೆ ಮೇಷ್ಟ್ರೂ ಎರಡು ಗಂಟೆ ಬಿಸಿಲಿನಲ್ಲಿ ನೆಟ್ಟಗೆ ನಿಂತಿದ್ದರು. ನಾನು ಒಯ್ದ ಕುರ್ಚಿಯನ್ನು ಕಣ್ಣಿನಲ್ಲೇ ದೂರ ತಳ್ಳಿದರು. ಸೀಟಿ ಊದಿ ಹೆಜ್ಜೆ ಹಾಕಿದಾಗ ಮೊದಲ ತಿರುವಿನವರೆಗೆ ಎಲ್ಲ ಸರಿಯಿತ್ತು. ವೇದಿಕೆಯ ಎದುರಿಗೆ ಬಲಗಾಲು ಹಿಂದೆಯೇ ಉಳಿಯಿತು. ಇನ್ನೊಂದು ಹೆಜ್ಜೆ ಇಟ್ಟರು. ಸುಣ್ಣದ ಗೆರೆಯ ಮೇಲೆ ಬೋರಲಾಗಿ ಬಿದ್ದರು. ಹಿಂದಿನ ಸಾಲಿನ ಮಕ್ಕಳು ಹೆಜ್ಜೆ ತಪ್ಪಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ನಿಂತರು.

ಆಗ ಎಲ್ಲಿಂದಲೋ ಒಂದು ಎಳೆಯ ದನಿ ಕೂಗಿತು: "ಇನ್ನೊಂದು ಸುತ್ತು!"

ಮೈದಾನಕ್ಕೆ ಮೈದಾನವೇ ನಕ್ಕಿತು. ಮಕ್ಕಳನ್ನು ನಾನು ದೂರುವುದಿಲ್ಲ. ಆ ನಗುವನ್ನು ಅವರಿಗೆ ಕಲಿಸಿದವರು ನಾವೇ.

ಎರಡು ದಿನ ಮಲಗಿದ ಮೇಲೆ ಕಾಲಿಗೆ ಮುಕ್ಕಾಲುಪಾಲು ಬಲ ಬಂತು. ವೈದ್ಯೆ ಮತ್ತೆ ಪರೀಕ್ಷಿಸಿದರು. "ಬಿಸಿಲು, ಅತಿ ದಣಿವು, ಅರೆಹೊಟ್ಟೆ. ಕಾಯಿಲೆ ಇರಬಹುದು ಅಂತಷ್ಟೇ ಈಗಲೂ ಹೇಳೋಕಾಗೋದು. ನಾನು ಹೇಳಿದ ಹಾಗೆ ಮಾಡಿದ್ದಿದ್ರೆ ಆ ದಿನದ ನಡಿಗೆ ಮುಗಿಸ್ತಿದ್ರೋ ಏನೋ" ಎಂದರು. ಕಾಯಿಲೆಯ ಹೆಸರು ಕೇಳಿದ ದಿನ ಬಾಡದ ಮುಖ ಅಂದು ಬಾಡಿತು.

ಸೀಟಿ ಹೋಯಿತು. ಕ್ರೀಡಾ ಸಾಮಾನಿನ ಕೊಠಡಿಯಲ್ಲಿ ಒಂದು ಸ್ಟೂಲು ಸಿಕ್ಕಿತು. ಮೈದಾನಕ್ಕೆ ಬಂದ ಹೊಸ ಮೇಷ್ಟ್ರು ಇವರದೇ ಹಳೆಯ ಶಿಷ್ಯ, ಇವರೇ ತಿದ್ದಿ ಬೆಳೆಸಿದವನು.

ನಾನು ನಿವೃತ್ತಳಾಗಿ ಮೂರು ವರ್ಷವಾಯಿತು. ಎರಡು ಬೀದಿ ಆಚೆ ಅವರ ಮನೆ. ಈಗ ದಿನವೂ ಬಿಸಿಲೇರುವ ಮೊದಲು ಕಿಟಕಿಯ ಕಂಬಿ ಹಿಡಿದು ಹತ್ತು ಸಲ ಕಾಲೆತ್ತುತ್ತಾರೆ, ಕೂರುತ್ತಾರೆ, ಮತ್ತೆ ಹತ್ತು ಸಲ. ಹೆಂಡತಿ ಬಡಿಸಿದ್ದನ್ನು ತಕರಾರಿಲ್ಲದೆ ಉಣ್ಣುತ್ತಾರೆ. ಬೆಲ್ಟು ಹಳೆಯ ತೂತಿಗೆ ಬಂದಿದೆ. ಸ್ಕ್ಯಾನು ಮತ್ತೆರಡು ಸಲ ಆಯಿತು. ವೈದ್ಯೆಯ ಮಾತು ಬದಲಾಗಿಲ್ಲ.

ಶಾಲೆಯಲ್ಲಿ ಚೆಂಡುಗಳಿಗೆ ಗಾಳಿ ತುಂಬುತ್ತಾರೆ. ಯಾವುದಾದರೂ ಮಗು ಬಾಗಿಲಿಗೆ ಬಂದು ಸುಸ್ತು ಎಂದರೆ ಸ್ಟೂಲು ಬಿಟ್ಟುಕೊಟ್ಟು, ತಾವು ಗೋಡೆಗೆ ಒರಗಿ, ಹಳೆಯ ನೋಟುಪುಸ್ತಕದಲ್ಲಿ ಕಲಂ ಎಳೆದಿಟ್ಟು ಖಾಲಿ ಉಳಿದ ಹಾಳೆಯೊಂದನ್ನು ಹರಿದು ಬರೆಯುತ್ತಾರೆ: ಹೆಸರು, ತರಗತಿ, ಈ ದಿನ ಓಡಿಸಬೇಡಿ. ಕೆಳಗೆ ಸಹಿ. ಅದನ್ನು ಇನ್ನೊಂದು ಮಗುವಿನ ಕೈಲಿ ಮೈದಾನಕ್ಕೆ ಕಳಿಸುತ್ತಾರೆ. ಹೊಸ ಮೇಷ್ಟ್ರು ಆ ಚೀಟಿ ಹಿಡಿದು ಬರುತ್ತಾನೆ.

"ಸಾರ್, ಮೇಲೆ ನೀವೇ ನೆಪ ಅಂತ ಬರೆದಿಟ್ಟಿದ್ದೀರಲ್ಲ. ನನಗೂ ನೀವು ಕಲಿಸಿದ್ದು ಅದೇ. ನಿಮ್ಮ ಸಹಿಗೆ ಈಗ ಅಧಿಕಾರ ಇಲ್ಲ ಸಾರ್, ತಪ್ಪು ತಿಳೀಬೇಡಿ. ನಡಿಯಮ್ಮಾ, ಇನ್ನೊಂದು ಸುತ್ತು."

ಮಗು ಎದ್ದು ಹೋಗುತ್ತದೆ. ಮೇಷ್ಟ್ರು ಸ್ಟೂಲಿನ ಮೇಲೆ ಕುಳಿತು ಚೆಂಡಿಗೆ ಗಾಳಿ ತುಂಬುತ್ತಾರೆ. ಒಂದು ಚೀಟಿಯೂ ಈವರೆಗೆ ನಡೆದಿಲ್ಲ. ಮೊನ್ನೆ ನಾನು ಶಾಲೆಗೆ ಹೋದಾಗ ಪುಸ್ತಕದಲ್ಲಿ ಹತ್ತಿಪ್ಪತ್ತು ಹಾಳೆಗಳಷ್ಟೇ ಉಳಿದಿದ್ದವು.

"ಮುಗಿದ ಮೇಲೆ?" ಎಂದು ಕೇಳಿದೆ.

"ಅಂಗಡಿಯಲ್ಲಿ ಸಿಗುತ್ತೆ ಅಕ್ಕ" ಎಂದರು. "ಈ ಸಲ ಗೆರೆ ಎಳೆಯಲ್ಲ."