ವಾಸಂತಿಯವರ ಕಿಟಕಿ, ಪುಟ್ಟಸ್ವಾಮಿಯವರ ಹೊಟ್ಟೆಕಿಚ್ಚು

ಆಸ್ಟ್ರೇಲಿಯಾದಲ್ಲಿ ನೆಲೆಸಿದ ಕನ್ನಡಿಗರಲ್ಲಿ ವೈದ್ಯರಿದ್ದಾರೆ, ಎಂಜಿನಿಯರುಗಳಿದ್ದಾರೆ, ಪ್ರಾಧ್ಯಾಪಕರಿದ್ದಾರೆ. ಅವರನ್ನು ಕೊಂಡಾಡಲು ನಮಗೆ ಸಭೆಗಳಾಗಲಿ ಶಾಲುಗಳಾಗಲಿ ಎಂದೂ ಕಡಿಮೆ ಬಿದ್ದದ್ದಿಲ್ಲ. ಆದರೆ ಪುಸ್ತಕದ ಕೌಂಟರಿನ ಹಿಂದೆ ಇಪ್ಪತ್ತನಾಲ್ಕು ವರ್ಷ ನಿಂತು, ಬಂದವರ ಹೆಸರನ್ನು ಅವರವರ ಮನೆಯಲ್ಲಿ ಕರೆಯುವಂತೆಯೇ ಕರೆಯಲು ಕಲಿತು, ಕೇಳಿದ ಪುಸ್ತಕದ ಜೊತೆಗೆ ಕೇಳಲು ಬಾಯಿ ಬರದ ಸಹಾಯವನ್ನೂ ಕೊಟ್ಟು ಕಳುಹಿಸಿದವರು ಶ್ರೀಮತಿ ವಾಸಂತಿ. ಸಿಡ್ನಿಯ ಗಿರಾವೀನ್ ಸಮೀಪದ ಸಾರ್ವಜನಿಕ ಗ್ರಂಥಾಲಯದ ಪೂರ್ವದ ಗೋಡೆಯಲ್ಲಿ ಇಂದು ಬೆಳಗುತ್ತಿರುವ ಗಾಜಿನ ಕಿಟಕಿ ಅವರ ಸೇವಾವಧಿಯ ಕೊನೆಯ ಕೆಲಸ. ಅದರ ಕಥೆ ಹೇಳಬೇಕಾದರೆ ಅದನ್ನು ಕೈಯಾರೆ ಜೋಡಿಸಿದ ಪುಟ್ಟಸ್ವಾಮಿಯವರ ಕಥೆಯನ್ನೂ ಹೇಳಬೇಕು. ಪುಟ್ಟಸ್ವಾಮಿಯವರ ಕಥೆ ಹೇಳಹೊರಟರೆ ಅವರ ಹೊಟ್ಟೆಕಿಚ್ಚನ್ನು ಬಿಟ್ಟು ಹೇಳುವಂತಿಲ್ಲ. ಇಂಥದ್ದನ್ನು ಅಭಿನಂದನ ಗ್ರಂಥದಲ್ಲಿ ಬರೆಯಬಹುದೇ ಎಂದು ಅವರನ್ನೇ ಕೇಳಿದ್ದಾಯಿತು. "ಬರೀರಿ. ಹಾರ ಹಾಕೋ ಪುಸ್ತಕದಲ್ಲಿ ಒಂದು ನಿಜಾನೂ ಇರ್ಲಿ" ಎಂದರು.

ಇಬ್ಬರ ಪರಿಚಯ ಮೆಲ್ಬರ್ನಿನದು. ವಾಸಂತಿಯವರು ಕ್ರಾನ್‌ಬರ್ನ್ ಕಡೆಯ ಒಂದು ಗ್ರಂಥಾಲಯದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಕಾಲ. ಪುಟ್ಟಸ್ವಾಮಿಯವರು ಅಲ್ಲೇ ಹತ್ತಿರದ ಗಾಜಿನ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುವ ಎಂಜಿನಿಯರು. ದಿನವಿಡೀ ಬಣ್ಣವಿಲ್ಲದ ಗಾಜನ್ನೇ ನೋಡಿ ಬೇಸತ್ತ ಆ ಮನುಷ್ಯನಿಗೆ ಬಣ್ಣದ ಗಾಜಿನ ಕಿಟಕಿ ಮಾಡಬೇಕೆಂಬ ಹುಚ್ಚು ಹಿಡಿಯಿತು. ಕಲಿಸುವವರಿರಲಿಲ್ಲ. ವಾಸಂತಿಯವರು ಎಲ್ಲೋ ಟಾಸ್ಮೇನಿಯಾದ ಗ್ರಂಥಾಲಯದಿಂದ ಹಳೆಯದೊಂದು ಪುಸ್ತಕವನ್ನು ತರಿಸಿಕೊಟ್ಟರು. ವಾಯಿದೆ ಮುಗಿದಾಗಲೆಲ್ಲ ತಾವೇ ಅಲ್ಲಿಗೆ ಫೋನು ಮಾಡಿ ಆರು ಸಲ ಮುಂದಕ್ಕೆ ಹಾಕಿಸಿದರು. ಆ ಪುಸ್ತಕವನ್ನು ಗ್ಯಾರೇಜಿನ ಮೇಜಿನ ಮೇಲೆ ಹರಡಿಕೊಂಡು, ಬೆರಳು ಕುಯ್ದುಕೊಂಡು, ಬೆಸುಗೆ ಹಾಕುವಾಗ ಅಂಗಿ ಸುಟ್ಟುಕೊಂಡು ಪುಟ್ಟಸ್ವಾಮಿ ಗಾಜಿನ ಕೆಲಸ ಕಲಿತರು. ತನ್ನ ವಿದ್ಯೆಯ ಬೇರಿನಲ್ಲಿ ವಾಸಂತಿಯ ಉಪಕಾರವಿದೆ ಎಂಬುದನ್ನು ಅವರು ಎಂದೂ ಮರೆಯಲಿಲ್ಲ. ಕಷ್ಟವಾದದ್ದೇ ಅದು.

ಕೆಲವು ವರ್ಷಗಳ ಅಂತರದಲ್ಲಿ ಇಬ್ಬರ ಸಂಸಾರಗಳೂ ಸಿಡ್ನಿಗೆ ಬಂದವು. ವಾಸಂತಿಯವರು ಗಿರಾವೀನ್ ಬಳಿಯ ಗ್ರಂಥಾಲಯದಲ್ಲಿ ಸಮುದಾಯ ವಿಭಾಗ ನೋಡಿಕೊಂಡರು. ಹೊಸದಾಗಿ ಬಂದವರ ಕೆಲಸದ ಅರ್ಜಿಗಳನ್ನು ಅವರು ತಿದ್ದಿಕೊಟ್ಟದ್ದು ಎಷ್ಟೋ. ಇಂಗ್ಲಿಷ್ ಬಾರದ ಹಿರಿಯರಿಗೆ ಆಸ್ಪತ್ರೆಯ ಪತ್ರಗಳನ್ನು ಮೂರು ಸಲ ಓದಿ ಹೇಳಿ, ನಾಲ್ಕನೆಯ ಸಲವೂ ಮುಖ ಸಿಂಡರಿಸದೆ ಹೇಳಿದ್ದನ್ನು ಕಂಡವರು ಇಂದೂ ಇದ್ದಾರೆ. ಪುಟ್ಟಸ್ವಾಮಿಯವರು ನಿವೃತ್ತರಾಗಿ ಮಾರ್ಸ್ಡನ್ ಪಾರ್ಕಿನಲ್ಲಿ ಮಗಳ ಮನೆಯ ಪಕ್ಕ ಮನೆ ಮಾಡಿ, ಗಾಜು ಕರಗಿಸುವ ತಮ್ಮ ವಿದ್ಯುತ್ ಕುಲುಮೆಯನ್ನು ಮೆಲ್ಬರ್ನಿನಿಂದ ಹಾಸಿಗೆಯಲ್ಲಿ ಸುತ್ತಿ ತಂದು ಗ್ಯಾರೇಜಿನಲ್ಲಿ ಕೂರಿಸಿದರು. ಪಾಪ, ಕಾರು ಅಂದಿನಿಂದ ಬಿಸಿಲಿನಲ್ಲಿ.

ಗ್ರಂಥಾಲಯದ ನವೀಕರಣಕ್ಕೆ ಕೌನ್ಸಿಲ್ ಮನಸ್ಸು ಮಾಡಿ, ಪೂರ್ವದ ಗೋಡೆಗೆ ಊರಿನವರೇ ಮಾಡಿದ ಗಾಜಿನ ಕಿಟಕಿ ಬೇಕೆಂದಾಗ ಪುಟ್ಟಸ್ವಾಮಿಯವರಿಗೆ ತಮ್ಮ ಗಳಿಗೆ ಬಂತೆನಿಸಿತು. ಎರಡು ತಿಂಗಳು ಕೂತು ನಕ್ಷೆ ಬರೆದರು: ಎಡಕ್ಕೆ ನವಿಲು, ಬಲಕ್ಕೆ ಕಾಂಗರೂ, ನಡುವೆ ಎರಡಕ್ಕೂ ಸೇರಿದ ಸೂರ್ಯ. ಇನ್ನೂರ ಹದಿನಾಲ್ಕು ತುಂಡುಗಳು. ಒಂದೊಂದಕ್ಕೂ ಅಂಕಿ ಹಾಕಿದ ಕಾಗದದ ಅಚ್ಚು. ಸಮಿತಿಯವರು ತಲೆದೂಗಿದರು, ಮೆಚ್ಚಿದರು, ಬೇರೆಯದನ್ನು ಆರಿಸಿದರು. ಆರಿಸಿದ್ದು ವಾಸಂತಿಯವರ ಅರ್ಧ ಪುಟದ ಟಿಪ್ಪಣಿಯನ್ನು. ಅದರಲ್ಲಿ ಚಿತ್ರವೇ ಇರಲಿಲ್ಲ. ಗ್ರಂಥಾಲಯದ ಬಾಗಿಲಲ್ಲಿ ಒಂದು ಮೇಜು ಹಾಕೋಣ, ಬಿಸಾಡಲು ಮನಸ್ಸಾಗದ ಒಂದು ಗಾಜು ನಿಮ್ಮ ಮನೆಯಲ್ಲಿದ್ದರೆ ತಂದುಕೊಡಿ ಎಂದು ಊರವರನ್ನು ಕೇಳೋಣ, ಬಂದದ್ದೆಲ್ಲವನ್ನೂ ಸೇರಿಸಿ ಕಿಟಕಿ ಮಾಡೋಣ ಎಂದಿತ್ತು, ಅಷ್ಟೆ.

"ಕೈಕೆಲಸ ಎಲ್ಲ ನಿಮ್ಮದೇ ಸಾರ್" ಎಂದರು ವಾಸಂತಿ. "ಗಾಜಿನ ಬಗ್ಗೆ ನಂಗೇನು ಗೊತ್ತು? ನೀವು ಹೇಳಿದ ಹಾಗೆ."

ಪುಟ್ಟಸ್ವಾಮಿ ಒಪ್ಪಿದರು. ದೊಡ್ಡ ಮನಸ್ಸಿನವರೆಂದು ಎಲ್ಲರೂ ಹೊಗಳಿದರು. ಆ ದೊಡ್ಡ ಮನಸ್ಸನ್ನು ಹೊತ್ತುಕೊಂಡು ಮನೆಗೆ ಬಂದವರು ನವಿಲಿನ ನಕ್ಷೆಯನ್ನು ಸುರುಳಿ ಸುತ್ತಿ ಕುಲುಮೆಯ ಹಿಂದೆ ತುರುಕಿದರು.

ಮೇಜಿಗೆ ಜನ ಬಂದರು. ಲೆಬನಾನಿನ ಮುದುಕರೊಬ್ಬರು ತಾಯಿಯ ಕಾಲದ ಚಹಾದ ಲೋಟ ತಂದರು. ಫಿಲಿಪೀನ್ಸಿನ ನರ್ಸಮ್ಮ ಔಷಧಿಯ ನೀಲಿ ಸೀಸೆ ತಂದಳು. ನಮ್ಮ ಹೆಂಗಸರು ಸೀಮಂತದ ಹಸಿರು ಬಳೆಗಳನ್ನು ಹತ್ತಿಯಲ್ಲಿ ಸುತ್ತಿ ತಂದರು. ವಾಸಂತಿಯವರು ಪ್ರತಿಯೊಂದನ್ನೂ ಎರಡೂ ಕೈಯಲ್ಲಿ ಇಸಿದುಕೊಂಡು, ತಂದವರು ಹೇಳಿದ್ದನ್ನು ಹೇಳಿದ ಹಾಗೆಯೇ ಪುಸ್ತಕದಲ್ಲಿ ಬರೆದಿಟ್ಟರು. ಪಕ್ಕದ ಕುರ್ಚಿಯಲ್ಲಿ, ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡು ಪುಟ್ಟಸ್ವಾಮಿಯೂ ಇದ್ದರು. ಅವರ ಕೈಗೆ ಯಾರೂ ಏನೂ ಕೊಡಲಿಲ್ಲ. ಒಂದು ಮಧ್ಯಾಹ್ನ ವಾಸಂತಿ ಊಟಕ್ಕೆ ಹೋಗಿದ್ದಾಗ ಮಲಯಾಳಿ ಹೆಣ್ಣುಮಗಳೊಬ್ಬಳು ಬಂದು, ಇವರನ್ನೂ ಖಾಲಿ ಕುರ್ಚಿಯನ್ನೂ ನೋಡಿ, "ಪರವಾಗಿಲ್ಲ ಅಂಕಲ್, ಅವರು ಬಂದ ಮೇಲೆ ಬರ್ತೀನಿ" ಎಂದು ಇಂಗ್ಲಿಷಿನಲ್ಲಿ ಹೇಳಿ ಹೊರಟುಹೋದಳು.

"ನಲವತ್ತು ವರ್ಷ ಗಾಜಿನ ಜೊತೆ ಬದುಕಿದವನು ನಾನು. ಅವರೆಲ್ಲ ಆಯಮ್ಮನ ಕೈಗೇ ಕೊಡ್ಬೇಕಾ?" ಎಂದು ಮನೆಯಲ್ಲಿ ಗೊಣಗಿದರು.

ಅವರ ಶ್ರೀಮತಿ ಜಾನಕಮ್ಮ ಹುರುಳಿಕಾಯಿ ಬಿಡಿಸುತ್ತಿದ್ದವರು ತಲೆಯೆತ್ತಲಿಲ್ಲ. "ನಿಮ್ಮ ಮುಖ ನೋಡಿದ್ರೆ ಕಸ್ಟಮ್ಸ್ ಆಫೀಸರ್ ಕೂತ ಹಾಗಿರತ್ತೆ. ಯಾರು ಕೊಡ್ತಾರೆ?"

"ನಾನು ಕೆಲಸದ ವಿಷಯ ಮಾತಾಡ್ತಿದೀನಿ."

"ಹೊಟ್ಟೆಕಿಚ್ಚಿನ ವಿಷಯ ಮಾತಾಡ್ತಿದೀರ. ಕಾಯಿ ಬಿಡಿಸಿ, ಕಡಿಮೆ ಆಗತ್ತೆ."

ಮೂರು ತಿಂಗಳಲ್ಲಿ ಅರವತ್ತೆರಡು ಮನೆಗಳಿಂದ ಗಾಜು ಬಂತು. ಎಲ್ಲವನ್ನೂ ಕುಲುಮೆಯಲ್ಲಿ ದೊಡ್ಡ ಹಲಗೆಗಳ ಮೇಲೆ ಕರಗಿಸಿ ಒಂದಾಗಿಸುವುದು ಯೋಜನೆ. ಮೊದಲು ಚೂರುಪಾರು ಇಟ್ಟು ಒಂದು ಅಂಗೈಯಗಲದ ಮಾದರಿ ಸುಟ್ಟರು. ಬಳೆಯ ಹಸಿರು, ಸೀಸೆಯ ನೀಲಿ ಒಂದರೊಳಗೊಂದು ಕೂತು ಅದು ಕಣ್ಣಿಗೆ ಹಬ್ಬವಾಗಿತ್ತು. ಆದರೆ ಬೇರೆಬೇರೆ ಗಾಜು ಆರುವಾಗ ಬೇರೆಬೇರೆ ಅಳತೆಯಲ್ಲಿ ಕುಗ್ಗುತ್ತದೆ. ಹಾಗೆ ಕುಗ್ಗಿದ್ದು ಒಳಗೊಳಗೇ ಜಗ್ಗಾಡಿಕೊಂಡು ಇವತ್ತಲ್ಲ ನಾಳೆ ಬಿರಿಯುತ್ತದೆ. ಬರಿಗಣ್ಣಿಗೆ ಕಾಣದ ಆ ಜಗ್ಗಾಟವನ್ನು ಕಾಣುವ ಉಪಾಯ ಕಾರ್ಖಾನೆಯವರಿಗೆ ಗೊತ್ತು. ಪುಟ್ಟಸ್ವಾಮಿಯವರು ಮಾದರಿಯನ್ನು ಎರಡು ಕಪ್ಪು ಪೋಲರಾಯ್ಡ್ ಫಿಲ್ಮುಗಳ ನಡುವೆ ಹಿಡಿದು ಬೆಳಕಿಗೆ ಒಡ್ಡಿದರು. ಪ್ರತಿಯೊಂದು ಬಳೆಚೂರಿನ ಸುತ್ತಲೂ ಜಗ್ಗಾಟದ ಗುರುತಾದ ಬಿಳಿಯ ಪ್ರಭೆ ಎದ್ದಿತ್ತು. ಅರವತ್ತೆರಡು ಮನೆಯ ಗಾಜೂ ಒಡೆಯುತ್ತದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಮರುದಿನ ವಾಸಂತಿಯವರು ಮಾದರಿಯನ್ನು ಕೈಯಲ್ಲಿ ಹಿಡಿದು ಮಗುವಿನಂತೆ ಹಿಗ್ಗಿದರು. "ಚೆನ್ನಾಗಿ ಕೂತಿದೆ ಅಲ್ವಾ ಸಾರ್?"

"ಚೆನ್ನಾಗಿ ಕಾಣ್ತಿದೆ" ಎಂದರು ಪುಟ್ಟಸ್ವಾಮಿ.

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಕಿಟಕಿ ಕೂರಲಿ, ಉದ್ಘಾಟನೆಯಾಗಲಿ, ಎಲ್ಲರೆದುರು ಬಿರಿಯಲಿ. ಆಗ ಗೊತ್ತಾಗುತ್ತದೆ, ಮೇಜು ಹಾಕಿ ನಗುನಗುತ್ತ ಕೂತವರಾರು, ಗಾಜು ಬಲ್ಲವರಾರು ಎಂದು. ಹೀಗೆ ಮನಸ್ಸಿನಲ್ಲಿ ಬಿಡಿಸಿಬಿಡಿಸಿ ಆಡಿಕೊಂಡೆ ಎಂದು ಅವರೇ ಹೇಳಿದ್ದಾರೆ. ಮೂರು ವಾರ ಆಡಿಕೊಂಡರಂತೆ. ಕುಲುಮೆ ಹಚ್ಚುವ ದಿನ ಶನಿವಾರವೆಂದು ನಿಗದಿಯಾಯಿತು.

ಗುರುವಾರ ಮಧ್ಯಾಹ್ನ ಗ್ಯಾರೇಜಿನ ಬಾಗಿಲಿಗೆ ಸರಸ್ವತಮ್ಮ ಬಂದರು. ಎಂಬತ್ತು ದಾಟಿದ ಹೆಂಗಸು. ಮಾರ್ಸ್ಡನ್ ಪಾರ್ಕಿನಲ್ಲೇ ಮೂರು ಬೀದಿ ಆಚೆ ಮಗನ ಮನೆ. ಚಕ್ರದ ವಾಕರ್ ತಳ್ಳಿಕೊಂಡು ಆ ಮೂರು ಬೀದಿ ನಡೆದು ಬಂದಿದ್ದರು. ಸೆರಗಿನ ಗಂಟು ಬಿಚ್ಚಿ ಕನ್ನಡಕದ ಒಂದೇ ಒಂದು ಗಾಜನ್ನು ತೆಗೆದರು.

"ನಮ್ಮನೆಯೋರದು ಕಣಪ್ಪ. ಒಂದು ಕಣ್ಣಿನದು ನಾನಿಟ್ಕೊಂಡಿದೀನಿ. ಇದು ನಿಂಗೆ."

"ವಾಸಂತಿ ಮೇಡಂ ಹತ್ರ ಕೊಡ್ಬೇಕಮ್ಮ. ಅವರು ಪುಸ್ತಕದಲ್ಲಿ ಬರ್ಕೊಳ್ತಾರೆ."

"ಹೋಗಿದ್ದೆ ಅವಳ ಹತ್ರ. ಹೇಳಿದ್ದೆಲ್ಲ ಬರ್ಕೊಂಡ್ಳು. ಗಾಜು ಮಾತ್ರ ಇಸ್ಕೊಳ್ಲಿಲ್ಲ. ಇಷ್ಟು ತೆಳ್ಳಗಿರೋದು ನನ್ನ ಕೈಗೆ ಬೇಡ, ಪುಟ್ಟಸ್ವಾಮಿಯವರ ಕೈಗೇ ಕೊಡಿ, ಅವರಿಗೆ ಮಾತ್ರ ಗೊತ್ತು ಅಂದ್ಳು." ಮುದುಕಿ ಅವರ ಅಂಗೈಯಲ್ಲಿ ಗಾಜನ್ನಿಟ್ಟು ಬೆರಳು ಮಡಿಸಿದರು. "ಒಡೆಯಲ್ಲ ತಾನೆ?"

ಇಷ್ಟು ದಿನ ಯಾರೂ ತನ್ನ ಕೈಗೆ ಕೊಡಲಿಲ್ಲವೆಂದು ಉರಿದದ್ದಾಗಿತ್ತು; ಈಗ ಕೊಟ್ಟಿದ್ದರು. ಪುಟ್ಟಸ್ವಾಮಿ ಆ ಗಾಜನ್ನು ಬೆಳಕಿಗೆ ಹಿಡಿದರು. "ನೋಡ್ತೀನಿ ಅಮ್ಮ" ಎಂದರು. ಸರಸ್ವತಮ್ಮ ಒಂದು ಲೋಟ ನೀರು ಕುಡಿದು, "ನೋಡೋದೇನು, ನಿಂಗೆ ಗೊತ್ತಲ್ಲ" ಎಂದು ವಾಕರ್ ತಿರುಗಿಸಿದರು.

ಶನಿವಾರ ಬೆಳಿಗ್ಗೆ ಕುಲುಮೆ ಹಚ್ಚುವ ಬದಲು ಪುಟ್ಟಸ್ವಾಮಿ ಕಾರು ಹತ್ತಿ ಗ್ರಂಥಾಲಯಕ್ಕೆ ಹೋದರು. ಅದು ಮಕ್ಕಳಿಗೆ ಕಥೆ ಹೇಳುವ ಹೊತ್ತು. ವಾಸಂತಿಯವರು ಚಾಪೆಯ ನಡುವೆ ಕೂತು ಆಮೆಯೊಂದರ ಕಥೆ ಹೇಳುತ್ತಿದ್ದರು. ಅವರನ್ನು ಕಪಾಟಿನ ಮರೆಗೆ ಕರೆದು ಪುಟ್ಟಸ್ವಾಮಿ ಎಲ್ಲವನ್ನೂ ಹೇಳಿದರು.

"ಯಾವಾಗಿಂದ ಗೊತ್ತು?"

"ಮೂರು ವಾರ ಆಯ್ತು."

"ನಾನು ಕೇಳಿದಾಗ?"

"ಆಗ್ಲೂ ಗೊತ್ತಿತ್ತು. ನನ್ನ ನವಿಲನ್ನ ಬಿಟ್ಟು ನಿಮ್ಮದನ್ನ ತಗೊಂಡ್ರಲ್ಲ, ತಡೆಯೋಕಾಗ್ಲಿಲ್ಲ ಮೇಡಂ."

ವಾಸಂತಿಯವರು ಚಾಪೆಯ ಕಡೆ ತಿರುಗಿದರು. "ಮಕ್ಕಳು ಕಾಯ್ತಿದಾರೆ. ಬನ್ನಿ, ಕೂತ್ಕೊಳ್ಳಿ" ಎಂದರು.

ಅರವತ್ತೊಂಬತ್ತರ ಪುಟ್ಟಸ್ವಾಮಿ ಮೊಣಕಾಲು ಲಟಲಟ ಎನ್ನಿಸಿಕೊಂಡು ಚಾಪೆಯ ಮೇಲೆ ಕೂತರು. ವಾಸಂತಿಯವರ ಬಾಯಲ್ಲಿ ಆಮೆಯ ದನಿ, ಮೊಲದ ದನಿ, ಕೊಳದ ಕಪ್ಪೆಯ ದನಿ, ಯಾವುದೂ ನಡುಗಲಿಲ್ಲ. ಇಂಥ ಹೊತ್ತಿನಲ್ಲೂ ಕಪ್ಪೆಯಂತೆ ವಟಗುಟ್ಟಿ ಮಕ್ಕಳನ್ನು ನಗಿಸಬಲ್ಲಳಲ್ಲಾ ಎಂದು, ತಪ್ಪೊಪ್ಪಿಕೊಂಡು ಹತ್ತು ನಿಮಿಷವೂ ಆಗಿರದ ಆ ಮನುಷ್ಯನಿಗೆ ಮತ್ತೆ ಹೊಟ್ಟೆಕಿಚ್ಚು ಹತ್ತಿಕೊಂಡಿತು.

ಮಕ್ಕಳು ಹೋದ ಮೇಲೆ ವಾಸಂತಿಯವರು ಹೇಳಿದರು: "ನಂಗೆ ತುಂಬಾ ಕೋಪ ಬಂದಿದೆ. ಅದನ್ನ ಆಮೇಲೆ ನೋಡ್ಕೋತೀನಿ. ಈಗ ದಾರಿ ಏನು ಹೇಳಿ."

ದಾರಿಯಿತ್ತು. ಯಾವುದನ್ನೂ ಕರಗಿಸದೆ, ಒಂದೊಂದು ಗಾಜಿಗೂ ಅದರ ಆಕಾರಕ್ಕೆ ತಕ್ಕ ಸೀಸದ ಪಟ್ಟಿಯ ಚೌಕಟ್ಟು ಕಟ್ಟಿ, ಬೆಸುಗೆಯಿಂದ ಒಂದಕ್ಕೊಂದು ಸೇರಿಸಬೇಕು. ಪ್ರತಿ ಗಾಜೂ ಪಕ್ಕದ ಗಾಜನ್ನು ಮುಟ್ಟದೆ ತನ್ನ ಮನೆಯಲ್ಲಿ ತಾನಿರುತ್ತದೆ. ಆದರೆ ಐದು ತಿಂಗಳ ಕೆಲಸ. ವಾಸಂತಿಯವರು ಜೂನ್ ಕೊನೆಗೆ ನಿವೃತ್ತರಾಗುವವರಿದ್ದರು. ಕೌನ್ಸಿಲ್ ಸಭೆಯಲ್ಲಿ ತಡವೇಕೆಂದು ಕೇಳಿದಾಗ ಅವರು ಎದ್ದು ನಿಂತು, "ಕರಗಿಸಿದರೆ ಒಡೆಯುತ್ತದೆಂದು ನಮ್ಮ ಗಾಜಿನ ತಜ್ಞರು ಪರೀಕ್ಷೆ ಮಾಡಿ ಎಚ್ಚರಿಸಿದ್ದಾರೆ, ಕೆಲಸ ಮುಗಿಯುವವರೆಗೆ ನಾನೂ ಇರುತ್ತೇನೆ" ಎಂದರು. ಹಿಂದಿನ ಸಾಲಿನಲ್ಲಿ ಪುಟ್ಟಸ್ವಾಮಿ ಕೇಳಿಸಿಕೊಂಡರು. ನಾನು ನಿಜದ ಮಾತಿನಿಂದ ಮೋಸ ಮಾಡಿದೆ, ಈಕೆ ನಿಜದ ಮಾತಿನಿಂದಲೇ ನನ್ನ ಮಾನ ಉಳಿಸಿದಳು, ಇದರಲ್ಲೂ ಈಕೆಯದೇ ಮೇಲುಗೈ ಆಯಿತಲ್ಲ ಎಂದು ಉರಿದುಕೊಂಡರು. ಸಭೆ ಮುಗಿದು ಕಾರ್ ಪಾರ್ಕಿನಲ್ಲಿ ಕೃತಜ್ಞತೆ ಹೇಳಹೋದರೆ ವಾಸಂತಿಯವರು ಮಾತು ಮುಗಿಸಗೊಡಲಿಲ್ಲ.

"ಆಗಸ್ಟಲ್ಲಿ ಮೈಸೂರಲ್ಲಿ ನನ್ನ ತಂಗಿ ಮಗಳ ಮದುವೆ. ಧಾರೆಗೆ ನಾನಿರ್ತೀನಿ ಅಂತ ಮಾತು ಕೊಟ್ಟಿದ್ದೆ. ಮೊದ್ಲೇ ಹೇಳಿದ್ರೆ ಆ ವಾರಕ್ಕೆ ರಜೆ ಬರೆಸ್ಕೊಳ್ತಿದ್ದೆ, ಅದರ ಗಡುವು ಮುಗೀತು; ನಿಮ್ಮ ಮೂರು ವಾರಕ್ಕೆ ಮದುವೆ ಹೋಯ್ತು. ಇದನ್ನ ನಾನು ಮರೆಯಲ್ಲ, ನೀವೂ ಮರೀಬೇಡಿ. ಬುಧವಾರ ಬರ್ತೀನಿ, ಗ್ಯಾರೇಜು ಗುಡಿಸಿಟ್ಟಿರಿ."

ಐದು ತಿಂಗಳೂ ಬುಧವಾರಗಳಂದು ಅವರು ಬಂದರು. ಪುಟ್ಟಸ್ವಾಮಿ ಸೀಸ ಬಗ್ಗಿಸುತ್ತಿದ್ದರೆ ವಾಸಂತಿಯವರು ಆ ಗಾಜು ಯಾರದೋ ಅವರ ಮಾತನ್ನು ಪುಸ್ತಕದಿಂದ, ಅವರದೇ ಧಾಟಿಯಲ್ಲಿ ಓದುತ್ತಿದ್ದರು. ಚಹಾದ ಲೋಟದ ಮುದುಕರು ಹೇಳಿದ್ದು, ನರ್ಸಮ್ಮ ಹೇಳಿದ್ದು, ನಡುವೆ ಜಾನಕಮ್ಮನ ಕಾಫಿ. ಆಗಸ್ಟಿನ ಮದುವೆಯೂ ಬುಧವಾರವೇ ಬಿತ್ತು; ಆ ದಿನ ಮಾತ್ರ ಅವರು ಓದಲಿಲ್ಲ. ಫೋನಿನಲ್ಲಿ ಧಾರೆ ನೋಡುತ್ತ ಮೂಲೆಯಲ್ಲಿ ಕೂತಿದ್ದರು. ಅಂದು ಪುಟ್ಟಸ್ವಾಮಿ ಒಂದು ತುಂಡನ್ನೂ ಜೋಡಿಸದೆ ಪಕ್ಕದಲ್ಲಿ ನಿಂತಿದ್ದರು.

ನವೆಂಬರಿನ ಉದ್ಘಾಟನೆಗೆ ಅರವತ್ಮೂರು ಮನೆಯವರೂ ಬಂದರು. ಅಷ್ಟು ತುಂಡುಗಳ ನಡುವೆ ತಮ್ಮದೆಲ್ಲಿ ಎಂದು ಹುಡುಕಿದವರಿಗೆ ಕಾಣಲಿಲ್ಲ. ಪುಟ್ಟಸ್ವಾಮಿಗೆ ಮಾತ್ರ ಎಲ್ಲವೂ ಗೊತ್ತು. ಸರಸ್ವತಮ್ಮನನ್ನು ಮೂರನೆಯ ಸಾಲಿನ ಎದುರು ನಿಲ್ಲಿಸಿ ಕನ್ನಡಕದ ಗಾಜು ತೋರಿಸಿದ್ದೇ ತಡ, ಜನ ಅವರ ಸುತ್ತ ಮುತ್ತಿಕೊಂಡರು. "ನಮ್ಮದೆಲ್ಲಿ ಅಂಕಲ್?" "ನಮ್ಮ ಬಳೆ ಸಾರ್?" ಅವರು ತೋರಿಸಿದರು, ತಂದವರು ಏನೆಂದಿದ್ದರೆಂಬುದನ್ನೂ ಅವರಿಗೇ ನೆನಪಿಸಿದರು. ಆ ಕಡೆ ಹೂಗುಚ್ಛ ಹಿಡಿದು ಒಬ್ಬರೇ ನಿಂತಿದ್ದ ವಾಸಂತಿಯವರು ಜಾನಕಮ್ಮನಿಗೆ ಹೇಳಿದರಂತೆ: "ನೋಡಿ ಜಾನಕಮ್ಮ, ನನ್ನ ಹತ್ರ ಯಾರೂ ಬರ್ತಿಲ್ಲ. ಈಗ ನಂಗೆ ಶುರುವಾಯ್ತು."

ನಿವೃತ್ತರಾದ ಮೇಲೂ ಅವರ ಬುಧವಾರ ತಪ್ಪಿಲ್ಲ. ಈಗ ಪುಟ್ಟಸ್ವಾಮಿಯವರ ಬಳಿ ಗಾಜು ಕತ್ತರಿಸುವುದನ್ನು ಕಲಿಯುತ್ತಿದ್ದಾರೆ. ಗೆರೆ ಎಳೆದದ್ದು ಒಂದು ಕಡೆ, ಮುರಿಯುವುದು ಇನ್ನೊಂದು ಕಡೆ. ಗುರುಗಳು ತಿದ್ದುತ್ತಾರೆ, ತಿದ್ದುವಾಗ ಅವರ ಮುಖದಲ್ಲಿ ತುಂಬಾ ಸಮಾಧಾನವಿರುತ್ತದೆ. ಶ್ರೀಮತಿ ವಾಸಂತಿಯವರಿಗೆ ಆಯುಸ್ಸು, ಆರೋಗ್ಯ, ಇನ್ನೂ ಹಲವು ಮೇಜುಗಳೂ ಅವುಗಳ ಸುತ್ತ ಜನರೂ ಒದಗಲೆಂದು ಈ ಗ್ರಂಥದ ಬಳಗದ ನಾವೆಲ್ಲರೂ ಹಾರೈಸುತ್ತೇವೆ. ಪುಟ್ಟಸ್ವಾಮಿಯವರ ಹಾರೈಕೆಯನ್ನು ಬೇರೆಯಾಗಿ ಬರೆಯಬೇಕೆಂದು ಅವರು ಹೇಳಿ ಕಳುಹಿಸಿದ್ದಾರೆ: ವಾಸಂತಿ ಮೇಡಂ ನೂರು ವರ್ಷ ಬಾಳಲಿ, ಗಾಜು ಕತ್ತರಿಸುವುದನ್ನು ಮಾತ್ರ ಆದಷ್ಟು ನಿಧಾನವಾಗಿ ಕಲಿಯಲಿ.